ಕಾಲು ಮುಂದಾಗಿ ಬಂದವಳು

ನಾನು ಕಾಲು ಮುಂದಾಗಿ ಹುಟ್ಟಿದೆನಂತೆ,
ವಾಣಿವಿಲಾಸದ ವಾರ್ಡಿನಲ್ಲಿ
ನರ್ಸಮ್ಮನ ಕೈಗೆ ಮೊದಲು ಸಿಕ್ಕಿದ್ದು ಎಡಪಾದ.
ಅಜ್ಜಿ ವರಾಂಡದಲ್ಲೇ ಸಾರಿಬಿಟ್ಟಳು:
"ಇವಳ ಕಾಲು ತಾಕಿದರೆ
ಹಿಡ್ಕೊಂಡಿರೋ ಸೊಂಟ ಬಿಟ್ಟುಕೊಳ್ಳತ್ತೆ."
ಹೆಸರಿಟ್ಟದ್ದು ಆಮೇಲೆ.

ಅಕ್ಕಿಪೇಟೆಯ ನಮ್ಮ ವಠಾರಕ್ಕೆ
ಬೆಳಗ್ಗೆ ಐದಕ್ಕೆ, ಹಲ್ಲುಜ್ಜುವ ಮೊದಲು,
ಗೋಡೆ ಹಿಡಿದುಕೊಂಡು ಬರುತ್ತಿದ್ದರು ಜನ,
ಬಿದ್ದ ನಾಣ್ಯ ಹುಡುಕುವವರ ಹಾಗೆ ಬಗ್ಗಿ.
ಹೊಸ್ತಿಲಿಗೆ ಅಡ್ಡ ಬೋರಲು ಮಲಗುವರು.
ಆರು ವರ್ಷದ ನಾನು ನಿದ್ದೆಗಣ್ಣಲ್ಲೇ
ಮೂರು ಸಲ ಒದೆಯಬೇಕು,
ಮೆತ್ತಗಲ್ಲ, ಜೋರಾಗಿಯೂ ಅಲ್ಲ,
"ಹಸು ಕರುವನ್ನ ಒದೆಯೋ ಹಾಗೆ."
ನಾಲ್ಕಾಣೆ. ಒಮ್ಮೊಮ್ಮೆ ಬಾಳೆಹಣ್ಣು.
ದೊಡ್ಡವರನ್ನು ಒದ್ದು ಕಾಸು ಗಳಿಸಿದ ಹುಡುಗಿ
ಬೀದಿಯಲ್ಲಿ ನಾನೊಬ್ಬಳೇ.

ಹಾಗೆ ಕಲಿತೆ ಪೇಟೆಯ ಬೆನ್ನುಗಳನ್ನು,
ಅಂಗಾಲಿನಿಂದ.
ಹಮಾಲಿ ದೊಡ್ಡೀರಯ್ಯನ ಬಲಭುಜ
ಎಡಕ್ಕಿಂತ ಎರಡು ಬೆರಳು ಕೆಳಗೆ;
ಕತ್ತಿನ ಬುಡದಲ್ಲಿ ಕಡುಬಿನಷ್ಟು ಗಂಟು,
ಅಕ್ಕಿಮೂಟೆಗಳು ನಾದಿ ನಾದಿ ಇಟ್ಟದ್ದು.
ಹೂ ಕಟ್ಟುವ ಮುನಿಲಕ್ಷ್ಮಮ್ಮನ ಬೆನ್ನು ಚೆನ್ನಾಗಿಯೇ ಇತ್ತು,
ನೋವಿದ್ದದ್ದು ಹೆಬ್ಬೆರಳ ಬುಡದಲ್ಲಿ.
ಆದರೂ ಬಂದು ಮಲಗುತ್ತಿದ್ದಳು,
"ಎಲ್ಲಿ ಒದ್ದರೂ ಒಂದೇ ಮೈ ತಾನೇ."
ದರ್ಜಿ ಖಲಂದರ್ ಸಾಬರ ಬೆನ್ನುಮಣಿಗಳನ್ನು
ಒಂದೊಂದಾಗಿ ಎಣಿಸಬಹುದಿತ್ತು.
ನಡುವೆ ಒಂದು ಸಾಲು ತಪ್ಪಿ ಒಳಗೆ ಸರಿದಿತ್ತು.
ಅದರ ಮೇಲೆ ಕಾಲಿಡಲು ಭಯವಾಗಿ
ಗಾಳಿಯಲ್ಲೇ ಮೂರು ಸಲ ಒದ್ದೆ.
ಮರುದಿನ ಬಂದು, ಪೂರ್ತಿ ವಾಸಿ ಎಂದು
ಕಲ್ಲುಸಕ್ಕರೆ ಕೊಟ್ಟರು.

ಅದು ನಾನು ತಿಂದ ಮೊದಲ ಸುಳ್ಳು.
ಸಿಹಿಯಾಗಿತ್ತು.

ಈಗ ಐವತ್ತೆಂಟು.
ಹೋದ ಶ್ರಾವಣ, ಮಾರ್ಕೆಟ್ಟಿನ ಹತ್ತಿರ ಬಸ್ಸಿಳಿದೆ.
ಚಪ್ಪಡಿ ಇದೆ ಅಂದುಕೊಂಡ ಕಡೆ
ಚಪ್ಪಡಿ ಇರಲಿಲ್ಲ.
ಸೌದೆ ಮುರಿದ ಸದ್ದಲ್ಲ ಅದು. ಹಪ್ಪಳ,
ಪಕ್ಕದ ಮನೆಯಲ್ಲಿ ಯಾರೋ ಮುರಿದ ಹಾಗೆ.
ಆಟೋದವನು ಎತ್ತಿ ಕೂರಿಸಿ
ದಾರಿಯುದ್ದಕ್ಕೂ ಪುತ್ತೂರು ಕಟ್ಟಿನ ಬೋರ್ಡು ತೋರಿಸಿದ:
"ಮೊಟ್ಟೆ ಹಚ್ಚಿ ಬಿದಿರು ದಬ್ಬೆ ಕಟ್ತಾರಮ್ಮಾ!"
ಮಗಳು ಫೋನಿನಲ್ಲಿ ಕೂಗಿದ್ದು ಒಂದೇ ಮಾತು: ವಿಕ್ಟೋರಿಯಾ.

ಡಾಕ್ಟರಮ್ಮ ಎಕ್ಸರೇ ಬೆಳಕಿಗೆ ಹಿಡಿದಳು.
ಇಷ್ಟು ವರ್ಷ ನನ್ನನ್ನು ಹೊತ್ತದ್ದು ಇದು,
ಹೊಗೆಯಲ್ಲಿ ಬರೆದ ಹಾಗೆ.
ಹರಡಿನ ಹೊರಗಂಟಿನಲ್ಲಿ ಕೂದಲೆಳೆಯಷ್ಟು ಕಪ್ಪು.
"ಮೂಳೆ ಬಿಟ್ಟಿರೋದು ಇಷ್ಟೇ. ಲಿಗಮೆಂಟೂ ಹರಿದಿದೆ,
ಅದು ಇದರಲ್ಲಿ ಕಾಣಲ್ಲ."
ಹಗ್ಗ ಎಂದುಕೊಂಡೆ.
ಒಳಎಳೆ ಸವೆದದ್ದು ತಿಳಿಯುವುದು
ಕೊಡ ಬಾವಿಗೆ ಬಿದ್ದ ಮೇಲೇ.

ಆರು ವಾರ ಗಾರೆ,
ಗೋಡೆಗೆ ಬಳಿಯುವಂಥದ್ದು ಕಾಲಿಗೂ.
ಒಡೆದು ತೆಗೆದಾಗ ಇದು ನನ್ನದೇ ಕಾಲೇ ಎನಿಸಿತು,
ಬಿಳಿಚಿ, ಹೊಟ್ಟೆದ್ದು, ಯಾರದೋ ಅಜ್ಜಿಯದು.
ಮೀನಖಂಡ ಅಂತಾರಲ್ಲ, ಆ ಮೀನೇ ಇರಲಿಲ್ಲ;
ಧರ್ಮಾಂಬುಧಿ ಕೆರೆ ಬಸ್‌ಸ್ಟ್ಯಾಂಡಾದ ಹಾಗೆ
ಬತ್ತಿ ಚಪ್ಪಟೆ.

ಫಿಸಿಯೋದ ಹುಡುಗಿ ಅರುಳ್ ಮೇರಿ
ನನ್ನ ಮುಂದೆ ಮೊಣಕಾಲೂರಿ ಕೂತು
ಅಂಗೈಯನ್ನು ನನ್ನ ಅಂಗಾಲಿಗೆ ಒತ್ತಿ ಹಿಡಿದಳು.
"ಒದೀರಿ ಅಮ್ಮ."
ನಾಚಿಕೆಯಾಯಿತು.
"ಇನ್ನೂ ಜೋರಾಗಿ. ಮೂರು ಸಲ."
ಕಾಲು ನಡುಗಿತು, ಬೆವರಿತು, ಕಣ್ಣಲ್ಲಿ ನೀರು ಬಂತು.
ಹಸು ಅಲ್ಲ ಈಗ,
ಎದ್ದು ನಿಲ್ಲಲು ಹೆಣಗುವ ಕರು.
ಮೂರನೆಯದಕ್ಕೆ ಅವಳ ಅಂಗೈ
ಒಂದು ಗೋಧಿಕಾಳಿನಷ್ಟು ಹಿಂದೆ ಸರಿಯಿತು.

"ಸೂಪರ್" ಎಂದು ಏಳಹೋದವಳು
ಅರ್ಧಕ್ಕೇ ನಿಂತಳು,
ಮಂಚದ ಕಂಬಿ ಹಿಡಿದು, ಇನ್ನೊಂದು ಕೈ ಸೊಂಟದ ಮೇಲೆ.
ದಿನಕ್ಕೆ ಮೂವತ್ತು ಜನರನ್ನು ಎತ್ತಿ ಕೂರಿಸುವ ಸೊಂಟ.
ಯಾರೂ ನೋಡಲಿಲ್ಲ ಅಂದುಕೊಂಡಳೇನೋ.

ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಹೇಳಿದೆ:
ಭಾನುವಾರ ಬಾ ಮಗಳೇ, ಅಕ್ಕಿಪೇಟೆಗೆ.
ಹಲ್ಲುಜ್ಜಬೇಡ.